ಹುಳಿ ವಾಸನೆಯ ಅಣುಸ್ಥಾವರ

ಹುಳಿಗೆ ನಮ್ಮಲ್ಲೇನು ಬರಗಾಲವೇ? ಹುಣಸೆಯಿದೆ, ನಿಂಬೆಯಿದೆ, ಎರಡು ದಿನ ಮರೆತುಬಿಟ್ಟರೆ ಮೊಸರೂ ತಾನಾಗಿಯೇ ಆ ಪಕ್ಷಕ್ಕೆ ಸೇರುತ್ತದೆ. ಇಷ್ಟೆಲ್ಲ ಇರುವಾಗ ವಿನೆಗರ್ ಎಂಬ ಬಣ್ಣವಿಲ್ಲದ ದ್ರವವನ್ನು ಸೀಸೆಯಲ್ಲಿಟ್ಟುಕೊಂಡು ಗೋಬಿ ಮಂಚೂರಿಯ ಗಾಡಿಯೊಂದು ನಮ್ಮ ಕತ್ರಿಗುಪ್ಪೆಯ ಅಡ್ಡರಸ್ತೆಯ ಮೂಲೆಗೆ ಬಂದು ನಿಂತಾಗ, ನಾನು ಅದನ್ನು ನಮ್ಮ ಸಂಸ್ಕೃತಿಯ ಮೇಲಾದ ಆಕ್ರಮಣವೆಂದು ಭಾವಿಸಿ ಒಂದು ಲೇಖನವನ್ನೇ ಬರೆಯಲು ಕುಳಿತಿದ್ದೆ. ಲೇಖನದ ಮೊದಲ ಪುಟ ಮುಗಿಯುವಷ್ಟರಲ್ಲಿ ಅದೇ ಗಾಡಿಯ ಮುಂದೆ ತಟ್ಟೆ ಹಿಡಿದು ನಿಂತಿದ್ದೆ ಎಂಬುದನ್ನು ನನ್ನ ಮಗಳು ಮನೆಗೆ ಬಂದವರಿಗೆಲ್ಲ ಇಂದಿಗೂ ಹೇಳುತ್ತಾಳೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನ ತತ್ವನಿಷ್ಠೆ ಸಾಮಾನ್ಯವಾಗಿ ಬೀದಿಯ ಮೂಲೆಯವರೆಗೆ ಮಾತ್ರ ಬರುತ್ತದೆ.

ಇದನ್ನೇಕೆ ಹೇಳಿದೆನೆಂದರೆ, ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿದ್ದಾಗ, ಒಂದು ಬೇಸಗೆಯಲ್ಲಿ, ವಿನೆಗರಿನ ಸೀಸೆಯೇ ಇಲ್ಲದ ನಮ್ಮ ಮನೆಯೊಳಗೆ ವಿನೆಗರಿನ ವಾಸನೆ ಹುಟ್ಟಿಕೊಂಡಿತು. ನಮ್ಮಲ್ಲಿ ಯಾವ ದುರ್ವಾಸನೆ ಹುಟ್ಟಿದರೂ ತನಿಖೆ ನನ್ನ ಕಾಲುಚೀಲಗಳಿಂದ ಆರಂಭವಾಗುವುದು ಸಂಪ್ರದಾಯ. ಅವು ನಿರ್ದೋಷಿಗಳೆಂದು ಸಾಬೀತಾದ ಮೇಲೆ, ಹಿಂದಿನ ವರ್ಷ ಯಾರೂ ಕೇಳದಿದ್ದರೂ ನಾನು ಹಾಕಿದ್ದ ನಿಂಬೆ ಉಪ್ಪಿನಕಾಯಿಯ ಭರಣಿಯನ್ನು ವಿಚಾರಣೆಗೆ ಕರೆತರಲಾಯಿತು. ಅದೂ ಬಿಡುಗಡೆಯಾಯಿತು. ಕೊನೆಗೆ ನನ್ನ ಹೆಂಡತಿ ಶಾರದೆ ಸ್ಟೂಲು ಹತ್ತಿ, ಅಟ್ಟದ ಕಡೆ ಮೂಗು ಚಾಚಿ, "ರೀ, ಇದು ಅಪ್ಪನ ಟ್ರಂಕಿಂದ ಬರ್ತಿದೆ" ಎಂದು ತೀರ್ಪು ಕೊಟ್ಟಳು.

ಅಪ್ಪ ಎಂದರೆ ನಮ್ಮೊಂದಿಗೇ ಇದ್ದ ನನ್ನ ಮಾವ ನಂಜುಂಡಯ್ಯನವರು. ಸರ್ಕಾರಿ ಇಲಾಖೆಯೊಂದರ ಪ್ರಚಾರ ವ್ಯಾನಿನಲ್ಲಿ ಊರೂರು ತಿರುಗಿ, ಸಂಜೆಯಾದರೆ ಶಾಲೆಯ ಅಂಗಳದಲ್ಲಿ ಬಿಳಿ ಪರದೆ ಕಟ್ಟಿ, ಪ್ರೊಜೆಕ್ಟರ್ ಓಡಿಸುತ್ತಿದ್ದವರು. ಕ್ಷಯರೋಗ, ಕುಟುಂಬ ಯೋಜನೆ, ಸುಧಾರಿತ ಗೊಬ್ಬರ ಇತ್ಯಾದಿ ಲೋಕೋಪಕಾರಿ ವಿಷಯಗಳನ್ನೆಲ್ಲ ತೋರಿಸಿದ್ದರೂ ಅವರ ಹೃದಯವನ್ನು ಅಪಹರಿಸಿದ್ದು ಮೂರು ರೀಲುಗಳ ಒಂದೇ ಒಂದು ಕಪ್ಪುಬಿಳುಪು ಚಿತ್ರ. ಅದು ಮೊದಮೊದಲ ಅಣುಸ್ಥಾವರಗಳನ್ನು ಹೇಗೆ ಕಟ್ಟಿದರು, ಹೇಗೆ ಹೊತ್ತಿಸಿದರು ಎಂಬುದನ್ನು ತೋರಿಸುವ ಚಿತ್ರ. ಅದರ ವಿವರಣೆ ಇಂಗ್ಲಿಷಿನಲ್ಲಿದ್ದುದರಿಂದ ಮಾವ ಶಬ್ದವನ್ನು ಪೂರ್ತಿ ಕುಗ್ಗಿಸಿ, ಪ್ರೊಜೆಕ್ಟರಿನ ಪಕ್ಕ ನಿಂತು, ತಾವೇ ಕನ್ನಡದಲ್ಲಿ ಹೇಳುತ್ತಿದ್ದರಂತೆ. ಇಲಾಖೆ ಹಳೆಯ ಚಿತ್ರಗಳನ್ನು ಗುಜರಿಗೆ ಹಾಕಿದ ದಿನ ಮೇಲಧಿಕಾರಿಯನ್ನು ಕೇಳಿ ಆ ಮೂರು ಡಬ್ಬಿಗಳನ್ನು ಮನೆಗೆ ಹೊತ್ತು ತಂದಿದ್ದರು. ಮಗಳ ಮದುವೆಯ ಆಲ್ಬಮ್ ಎಲ್ಲಿದೆಯೆಂದು ಅವರಿಗೆ ತಿಳಿಯದು. ಈ ಡಬ್ಬಿಗಳ ಜಾಗವನ್ನು ಮಾತ್ರ ನಿದ್ದೆಗಣ್ಣಿನಲ್ಲೂ ತೋರಿಸುತ್ತಿದ್ದರು.

ಆ ವರ್ಷವೇ ಕಣ್ಣಿನ ಡಾಕ್ಟರು, ಒತ್ತಡ ಹೆಚ್ಚಾಗಿ ಮಾವನ ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಬರುವುದಿಲ್ಲ, ಉಳಿದದ್ದೂ ಮೆಲ್ಲಗೆ ಹೋಗುತ್ತದೆ ಎಂದಿದ್ದರು. ಮಾವ ಅತ್ತವರಲ್ಲ, ದೇವರನ್ನು ಬೈದವರೂ ಅಲ್ಲ. "ಅಳಿಯಂದಿರೇ, ಆ ಪಿಚ್ಚರ್ ಒಂದ್ಸಲ ನೋಡ್ಬಿಡ್ತೀನಿ. ಆಮೇಲೆ ಹೋದ್ರೆ ಹೋಗ್ಲಿ" ಎಂದಷ್ಟೇ ಕೇಳಿದ್ದರು. ಮಕ್ಕಳನ್ನು, ಮೊಮ್ಮಗಳನ್ನು ಬಿಟ್ಟು ಕಾಂಕ್ರೀಟಿನ ಗುಮ್ಮಟವೊಂದನ್ನು ಕೊನೆಯ ದರ್ಶನಕ್ಕೆ ಆರಿಸಿಕೊಂಡದ್ದು ಶಾರದೆಗೆ ಅಷ್ಟೇನೂ ಹಿಡಿಸಲಿಲ್ಲ. ನಾನು ಮಾತ್ರ, ವಿಜ್ಞಾನದ ಗಂಧಗಾಳಿಯೂ ಇಲ್ಲದ ಧೈರ್ಯದಿಂದ, ಆಗಲಿ ಎಂದುಬಿಟ್ಟೆ.

ಟ್ರಂಕು ಇಳಿಸಿ ನೋಡಿದರೆ ಮಾವನ ಸಂರಕ್ಷಣಾಶಾಸ್ತ್ರದ ಆಳ ಅರಿವಾಯಿತು. ಪ್ರತಿ ಡಬ್ಬಿಯ ಅಂಚಿಗೂ ಮೂರು ಸುತ್ತು ಟೇಪು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಳೆಯ ಪಂಚೆಯ ತುಂಡು, ಅದನ್ನು ಬಿಗಿದ ಹುರಿ. ಸುತ್ತಲೂ ಒಣಗಿದ ಬೇವಿನ ಎಲೆ, ನುಸಿಗುಳಿಗೆ. ಉಪ್ಪಿನಕಾಯಿಗೆ ಗಾಳಿ ತಾಗಬಾರದು, ರೇಷ್ಮೆ ಸೀರೆಗೆ ಹುಳ ಹತ್ತಬಾರದು ಎಂದು ಅವರ ತಾಯಿ ಕಲಿಸಿದ್ದ ಎರಡು ವಿದ್ಯೆಗಳನ್ನೂ ಒಟ್ಟಿಗೇ ಪ್ರಯೋಗಿಸಿದ್ದರು. ಪ್ರತಿ ಯುಗಾದಿಗೆ ಹೊಸ ಟೇಪು ಸುತ್ತುತ್ತಿದ್ದೆ ಎಂದು ಮಾವ ಹೆಮ್ಮೆಯಿಂದ ಹೇಳಿಕೊಂಡರು.

ಮೂರು ಡಬ್ಬಿಗಳನ್ನೂ ಮಾವನನ್ನೂ ಆಟೋದಲ್ಲಿ ಕೂರಿಸಿಕೊಂಡು ಬಿಟಿಎಂ ಲೇಔಟಿಗೆ ಹೊರಟೆ. ಚಾಲಕ ಬನಶಂಕರಿ ದಾಟುವ ಮುನ್ನವೇ ಮೂಗರಳಿಸಿ, "ಏನ್ ಸಾರ್, ಮಂಚೂರಿ ಪಾರ್ಸಲ್ಲಾ?" ಎಂದು ಕೇಳಿದ. ಅಣುಸ್ಥಾವರ ಎಂದೆ. ಆಮೇಲೆ ಇಳಿಯುವವರೆಗೂ ಅವನು ತಿರುಗಿ ನೋಡಲಿಲ್ಲ.

ನಮ್ಮ ಗಮ್ಯಸ್ಥಾನ, ಗದಗದ ಕಡೆಯಿಂದ ಬಂದು ಬಾಡಿಗೆಯ ಒಂದು ಕೋಣೆಯಲ್ಲಿ ಮದುವೆ ವಿಡಿಯೋ ಅಂಗಡಿ ಇಟ್ಟಿದ್ದ ಬಸವರಾಜ. ಹಳೆಯ ಫಿಲಂಗಳನ್ನು ಸಿ.ಡಿ. ಮಾಡಿಕೊಡುವುದಾಗಿ ಬೋರ್ಡು ಹಾಕಿದ್ದ ಏಕಮಾತ್ರ ಮಹಾನುಭಾವ. ಆತ ಮೊದಲ ಡಬ್ಬಿಯ ಟೇಪು ಕಿತ್ತು, ಮುಚ್ಚಳ ಎತ್ತಿ, ಮುಖ ಹಿಂದಕ್ಕೆ ಎಳೆದುಕೊಂಡ. ಕಣ್ಣಲ್ಲಿ ನೀರು ಬಂದಿತ್ತು.

"ಇಷ್ಟ್ಯಾಕ್ರಿ ಬಿಗಿ ಮಾಡೀರಿ ಅಜ್ಜಾರ? ಫಿಲಂ ಹಳೇದಾದ್ರ ತಾನ ಹುಳಿ ಬಿಡತೈತ್ರಿ. ಅದು ಹೊರಗ ಹೋಗಬೇಕ್ರಿ. ಒಳಗ ಮುಚ್ಚಿಟ್ರ ತನ್ನ ಹುಳಿಯೊಳಗ ತಾನ ಕೊಳೀತೈತಿ. ಸುಮ್ನ ಕಪಾಟಿನ್ಯಾಗ ಬಿಟ್ಟಿದ್ರೂ ಇನ್ನೂ ಛಲೋ ಇರ್ತಿತ್ತು."

ಒಂದು ರೀಲು ಗಟ್ಟಿ ಬಿಲ್ಲೆಯಾಗಿತ್ತು. ಇನ್ನೊಂದು ಮುಟ್ಟಿದರೆ ಹಪ್ಪಳದ ಹಾಗೆ ಮುರಿಯಿತು. ಮಾವ ಆ ಚೂರುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು, "ನಾನೇ ಉಸಿರುಕಟ್ಟಿಸಿಬಿಟ್ನಲ್ಲಪ್ಪ" ಎಂದರು. ದಾರಿಯುದ್ದಕ್ಕೂ ಅವರನ್ನು ಗೇಲಿ ಮಾಡಿಕೊಂಡು ಬಂದಿದ್ದ ನನಗೆ ನಾಚಿಕೆಯಾಯಿತು.

ಉಳಿದದ್ದು ಕೊನೆಯ ರೀಲು, ಸ್ಥಾವರವನ್ನು ಹೊತ್ತಿಸುವ ಭಾಗ. ಅದೂ ಕುಗ್ಗಿತ್ತು; ಅಂಚಿನ ತೂತುಗಳು ಪ್ರೊಜೆಕ್ಟರಿನ ಹಲ್ಲಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಓಡಿದರೆ ಒಂದೇ ಸಲ ಓಡೀತು ಎಂದ ಬಸವರಾಜ, ಎಲ್ಲಿಂದಲೋ ಒಂದು ಹಳೆಯ ಪ್ರೊಜೆಕ್ಟರು ತಂದ. ಗೋಡೆಯ ಮೇಲೆ ಚಿತ್ರ ಬಿಡುವುದು, ಅದನ್ನು ಮದುವೆಯ ಕ್ಯಾಮೆರಾದಲ್ಲಿ ಹಿಡಿಯುವುದು ಎಂಬುದು ಅವನ ಡಿಜಿಟಲೀಕರಣದ ಸಮಗ್ರ ತಂತ್ರಜ್ಞಾನ. ಆದರೆ ಫಿಲಂ ಪೋಣಿಸಲು ಅವನಿಗೆ ಬರುತ್ತಿರಲಿಲ್ಲ. ಸರಿಯಾಗಿ ಕಣ್ಣು ಕಾಣದ ಮಾವ ಬೆರಳಿನಿಂದಲೇ ತಡವಿ ಪೋಣಿಸಿದರು. ಓಡತೊಡಗಿದ ಮೇಲೆ ಫಿಲಂ ಹಲ್ಲು ತಪ್ಪದಂತೆ ಅದರ ಬಳುಕಿಗೆ ಬೆರಳು ಕೊಟ್ಟು, ತಲೆ ಬಗ್ಗಿಸಿ ಕೂತುಬಿಟ್ಟರು. ಹತ್ತು ನಿಮಿಷ ಚಿತ್ರ ಗೋಡೆಯ ಮೇಲೆ ನಡುಗುತ್ತ ಓಡಿತು. ಕೊನೆಗೆ ಫಿಲಂ ಪಟಪಟ ಮುರಿದು ನೆಲಕ್ಕೆ ಉದುರಿತು. ಒಮ್ಮೆ ನೋಡಬೇಕೆಂದು ಬಂದವರು, ಅದನ್ನು ಉಳಿಸುವ ಗಡಿಬಿಡಿಯಲ್ಲಿ ಒಂದು ಸಲವೂ ತಲೆ ಎತ್ತಿ ಗೋಡೆಯತ್ತ ನೋಡಿರಲಿಲ್ಲ.

ವಾರದ ನಂತರ ಸಿ.ಡಿ. ಬಂತು. ಮಾವ ಟಿವಿಗೆ ಮೂಗು ತಾಗಿಸಿ ಕೂತರು. ಪರದೆಯ ನಡುವೆ ಒಂದು ಗುಲಾಬಿ ಅರಳಿತು. ಅದರ ಎಸಳುಗಳು ಸರಿದಂತೆ ಒಳಗಿನಿಂದ ಕಾಂಕ್ರೀಟಿನ ಗುಮ್ಮಟ ಪ್ರತ್ಯಕ್ಷವಾಯಿತು. ಬಿಳಿ ಕೋಟಿನ ವಿಜ್ಞಾನಿಗಳು ಹೃದಯಾಕಾರದ ಚೌಕಟ್ಟಿನೊಳಗೆ ಗಂಭೀರವಾಗಿ ಗುಂಡಿಗಳನ್ನು ಒತ್ತಿದರು. ಮೂಲಧ್ವನಿ ಕೆಟ್ಟು ಬಾಯಿ ಮುಕ್ಕಳಿಸಿದಂತೆ ಕೇಳುತ್ತಿದ್ದುದರಿಂದ ಬಸವರಾಜ ಅದನ್ನು ತೆಗೆದು ನಾದಸ್ವರ ಹಾಕಿದ್ದ. ಸ್ಥಾವರ ಹೊತ್ತಿಕೊಂಡ ಮಹಾಕ್ಷಣಕ್ಕೆ ಗಟ್ಟಿಮೇಳ. ಕಟ್ಟಕಡೆಗೆ 'ತಮ್ಮ ಆಗಮನಕ್ಕೆ ವಂದನೆಗಳು'.

"ಏನಮ್ಮ ಶಾರದಾ, ರಿಯಾಕ್ಟರ್‌ಗೆ ಆರತಕ್ಷತೆನಾ?" ಎಂದರು ಮಾವ. ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಫೋನಿನಲ್ಲಿ ಬಸವರಾಜ, "ಬೋಳ ಬೋಳ ಕಾಣ್ತಿತ್ರಿ ಸರ, ಅದಕ್ಕ ಸ್ವಲ್ಪ ಹೂವು ಹಾಕೀನ್ರಿ" ಎಂದ.

ನಾದಸ್ವರದ ಬದಲು ಮಾವನ ಮಾತನ್ನೇ ಹಾಕಿಸೋಣ ಎಂದದ್ದು ಶಾರದೆ. ಅಷ್ಟು ಸಾಕು, ನನ್ನ ಪಾಂಡಿತ್ಯ ಜಾಗೃತವಾಯಿತು. ವಿದಳನ, ಮಂದಕ, ಶೃಂಖಲಾ ಪ್ರಕ್ರಿಯೆ ಇತ್ಯಾದಿ ಶಬ್ದರತ್ನಗಳಿಂದ ಖಚಿತವಾದ ನಾಲ್ಕು ಪುಟಗಳ ವ್ಯಾಖ್ಯಾನವನ್ನು ರಚಿಸಿ ಓದಿ ಹೇಳಿದೆ. ಮಾವ ಎರಡು ಸಾಲು ಕೇಳಿ ಆ ಪುಟಗಳನ್ನು ಗೌರವದಿಂದ ತೆಗೆದುಕೊಂಡು ಕಾಫಿ ಲೋಟದ ಕೆಳಗಿಟ್ಟರು. ಅಂಗಡಿಯಲ್ಲಿ ಮೈಕಿನ ಮುಂದೆ ಕೂತು ತಮಗೆ ಬಂದಂತೆ ಹೇಳಿದರು.

"ಈ ಕಡ್ಡಿಗಳನ್ನ ನೋಡಿ. ಒಲೆಯಿಂದ ಸೌದೆ ಎಳೆದ್ರೆ ಉರಿ ಕಮ್ಮಿ ಆಗುತ್ತಲ್ಲ, ಇಲ್ಲಿ ಉಲ್ಟಾ. ಕಡ್ಡಿ ಎಳೆದಷ್ಟೂ ಉರಿ ಜಾಸ್ತಿ. ಅದಕ್ಕೇ ಅವ್ರು ಅಷ್ಟು ಹೆದರ್ಕೊಂಡು ಎಳೀತಿರೋದು. ಈಗ ನೀರಿನಡೀಲಿ ಬಿಳೀ ಬೆಳಕು ಕಾಣ್ತಿದ್ಯಲ್ಲ, ಅದು ಬಿಳಿ ಅಲ್ಲ. ನೀಲಿ. ನವಿಲಿನ ಕತ್ತಿನ ನೀಲಿ. ಫಿಲಂಗೆ ಬಣ್ಣ ಹಿಡಿಯೋಕೆ ಬರಲಿಲ್ಲ, ಅದಕ್ಕೆ ನಾನು ಹೇಳ್ತಿದೀನಿ. ನಂಬಿ."

ಅವರು ಸ್ಥಾವರವನ್ನು ಎಂದೂ ಕಣ್ಣಾರೆ ಕಂಡವರಲ್ಲ. ವ್ಯಾನು ಕೆಟ್ಟು ನಿಂತ ಯಾವುದೋ ಊರಿನ ಪ್ರವಾಸಿ ಬಂಗಲೆಯಲ್ಲಿ ಎಂಜಿನಿಯರೊಬ್ಬರು ಹೇಳಿದ್ದನ್ನು ನೆಚ್ಚಿಕೊಂಡಿದ್ದರು. ಹೂವುಗಳನ್ನೆಲ್ಲ ತೆಗೆಸಿದೆವು. ಗಟ್ಟಿಮೇಳವನ್ನೂ ತೆಗೆಯಲು ಬಸವರಾಜ ಕೈಹಾಕಿದಾಗ ಮಾವ ತಡೆದು, "ಅದೊಂದು ಇರ್ಲಿ ಬಿಡಪ್ಪ. ಹೊತ್ಕೊಂಡಿದ್ದು ಶುಭಕಾರ್ಯ ತಾನೇ" ಎಂದರು.

ಕೆಲವು ವರ್ಷ ಕಳೆಯಿತು. ಮಾವನಿಗೆ ಈಗ ಬೆಳಕೂ ತಿಳಿಯುತ್ತಿರಲಿಲ್ಲ. ಮಗಳು ಒಂದು ಮಧ್ಯಾಹ್ನ ಕಂಪ್ಯೂಟರಿನಲ್ಲಿ ಏನೋ ಹುಡುಕುತ್ತಿದ್ದವಳು ಕೂಗಿ ಕರೆದಳು. ಅದೇ ಚಿತ್ರ, ಮೂರೂ ರೀಲು, ಒಂದು ಗೀರೂ ಇಲ್ಲದೆ, ಯಾವುದೋ ದೂರದ ಸಂಗ್ರಹಾಲಯದವರು ತಣ್ಣನೆಯ ಕೋಣೆಯಲ್ಲಿ ಕಾಪಾಡಿ ಇಂಟರ್ನೆಟ್ಟಿಗೆ ಏರಿಸಿದ್ದರು. ನನ್ನ ಮುಖ ಬಾಡಿತು. ನಾವು ಆಟೋ ಹತ್ತಿ ಇಳಿದು, ಮೂಗು ಮುಚ್ಚಿಕೊಂಡು ರಕ್ಷಿಸಿದ ರಾಷ್ಟ್ರೀಯ ಸಂಪತ್ತು ಅಪಾಯದಲ್ಲಿ ಇರಲೇ ಇಲ್ಲ. ನಮ್ಮ ಸಾಹಸದಿಂದ ಲೋಕಕ್ಕಾದ ಲಾಭ ಸೊನ್ನೆ ಎಂದು ಮನಸ್ಸಿನಲ್ಲೇ ಲೆಕ್ಕ ಮುಗಿಸಿದೆ.

ಮಗಳು ತಾತನನ್ನು ಕುರ್ಚಿಯಲ್ಲಿ ಕೂರಿಸಿ ಅದನ್ನು ಮೊದಲಿನಿಂದ ಹಾಕಿದಳು. ಇಂಗ್ಲಿಷಿನ ಗಂಭೀರ ಕಂಠವೊಂದು ಅಂಕಿಅಂಶಗಳನ್ನು ಹೇಳುತ್ತ ಹೋಯಿತು. ತಾವೇ ನೂರಾರು ಸಲ ಬಾಯಿ ಮುಚ್ಚಿಸಿದ್ದ ಆ ಮನುಷ್ಯನ ಮಾತನ್ನು ಮಾವ ಮೊದಲ ಸಲ ಪೂರ್ತಿ ಕೇಳಿಸಿಕೊಂಡರು. ಮುಗಿದ ಮೇಲೆ ಕತ್ತು ಹೊರಳಿಸಿದರು.

"ಯಾರಮ್ಮ ಇವ್ನು? ಕಡ್ಡಿ ಎಳೆಯೋವಾಗ ಅವ್ರು ಹೆದರಿದ್ದೂ ಹೇಳ್ಲಿಲ್ಲ, ನೀಲಿ ವಿಷ್ಯಾನೂ ಹೇಳ್ಲಿಲ್ಲ. ಗಟ್ಟಿಮೇಳಾನೂ ಇಲ್ಲ. ನಮ್ದು ಹಾಕು."

ಮಗಳು ಎದ್ದು ಟಿವಿಯಲ್ಲಿ ನಮ್ಮ ಸಿ.ಡಿ. ಹಾಕಿದಳು. ಚಿತ್ರ ನಡುಗಿತು, ಬಿಟಿಎಮ್ಮಿನ ಬಸ್ಸಿನ ಹಾರ್ನು ಕೇಳಿಸಿತು, ಅದರ ನಡುವೆ ಮಾವನ ಧ್ವನಿ ಬಂತು. ನಂಬಿ ಎಂದಿತು. ಕುರ್ಚಿಯಲ್ಲಿದ್ದ ಮಾವ ಏನೂ ಕಾಣದ ಕಣ್ಣನ್ನು ಟಿವಿಯ ಕಡೆಗೇ ಇಟ್ಟುಕೊಂಡು, "ಹ್ಞಾ, ಈಗ ಸರಿಯಾಗಿ ಕಾಣ್ತಿದೆ" ಎಂದರು. ನಾನು ಮುಗಿಸಿದ್ದ ಲೆಕ್ಕ ತಪ್ಪಾಗಿತ್ತು.

ಗೋಬಿ ಮಂಚೂರಿಯ ಗಾಡಿ ಈಗಲೂ ಮೂಲೆಯಲ್ಲಿದೆ. ಆ ಲೇಖನವನ್ನು ನಾನು ಮುಗಿಸಲೇ ಇಲ್ಲ. ಸಂಜೆ ಅಲ್ಲಿ ತಟ್ಟೆ ಹಿಡಿದು ನಿಂತಾಗ ಗಾಡಿಯವನು ಬಿಸಿ ಬಾಣಲೆಗೆ ವಿನೆಗರ್ ಚಿಮುಕಿಸುತ್ತಾನೆ, ಹುಳಿ ಮೂಗಿಗೆ ಅಡರುತ್ತದೆ, ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಕಣ್ಣಿಗೆ ನೀಲಿ ಕಾಣುತ್ತದೆ.