ಹನ್ನೊಂದನೇ ನಂಬರಿನ ಬಾಟಲಿ

ಹಸುವಿನ ಮುಂದೆ ನಿಂತು ಬದುಕಿದವರು ಬೇಕಾದಷ್ಟು ಜನ ಇದ್ದಾರೆ. ಬಾಟಲಿ ಮಾವ ಹಸುವಿನ ಹಿಂದೆ ನಿಂತು ಬದುಕಿದವನು. ಅವನ ಅಡ್ಡಹೆಸರು ಕೇಳಿದ ಹೊಸಬರು "ಅಯ್ಯೋ, ಕುಡೀತಾನಾ?" ಎಂದು ಮರುಗುತ್ತಿದ್ದರು. ಒಂದು ಹನಿ ಮುಟ್ಟಿದವನಲ್ಲ ಪುಣ್ಯಾತ್ಮ. ಅವನ ಬಾಟಲಿಯಲ್ಲಿ ಇರುತ್ತಿದ್ದದ್ದು ಹಸುವಿನ ಗಂಜಲ.

ಯಾಕೆ ಅಂತೀರಾ? ಊರಿನ ತಲೆಯ ಮೇಲೊಂದು ಅಲ್ಯೂಮಿನಿಯಂ ಕಾರ್ಖಾನೆ. ಅದರ ಚಿಮಣಿ ಉಗುಳುವ ಫ್ಲೋರೈಡ್ ದೂಳು ಹುಲ್ಲಿನ ಮೇಲೆ ಕೂರುತ್ತಿತ್ತು, ಹುಲ್ಲಿನ ಜೊತೆ ಹಸುವಿನ ಹೊಟ್ಟೆಗಿಳಿದು ಹಲ್ಲು ಮೂಳೆಗಳಲ್ಲಿ ಬಿಡಾರ ಹೂಡುತ್ತಿತ್ತು. ಹಸುಗಳ ಹಲ್ಲು ಕಂದಾಗಿ ಸವೆದವು, ಕಾಲು ಮರದ ತುಂಡಾದವು. ಆಗ ಪಶುವೈದ್ಯದ ಡಾಕ್ಟರಮ್ಮ ಒಬ್ಬಳು ಹುಣಸೆ ತಿರುಳು, ನುಗ್ಗೆ ಸೊಪ್ಪು ಒಣಗಿಸಿ ಬೆರೆಸಿದ ಪುಡಿ ತಂದು, ಹನ್ನೆರಡು ಹಸುಗಳ ಕಿವಿಗೆ ನಂಬರ್ ಹೊಡೆದು, ಪರೀಕ್ಷೆ ಶುರುಮಾಡಿದಳು. ಪುಡಿ ಕೆಲಸ ಮಾಡಿದರೆ ವಿಷ ಗಂಜಲದಲ್ಲಿ ಹೊರಬೀಳಬೇಕು. ಹಾಗಾಗಿ ವಾರಕ್ಕೊಮ್ಮೆ, ಬೆಳಗಿನ ಮೊದಲ ಗಂಜಲವನ್ನು ನೆಲ ಮುಟ್ಟುವ ಮೊದಲೇ ಹಿಡಿಯಬೇಕು.

ಈ ಕೆಲಸಕ್ಕೆ ಬಾಟಲಿ ಮಾವನಂಥವನು ಇನ್ನೊಬ್ಬ ಸಿಗಲಾರ. ಅದೇ ಕಾರ್ಖಾನೆಯ ಗೇಟಿನಲ್ಲಿ ಮೂವತ್ತು ವರ್ಷ ಕಾವಲಿದ್ದವನು. ಏನೂ ಆಗದ್ದನ್ನು ಕಾದು ಕೂರುವುದು ರಕ್ತಕ್ಕೆ ಇಳಿದಿತ್ತು. ಕೋಲಿಗೆ ಚೊಂಬು ಕಟ್ಟಿಕೊಂಡು ನಿಂತು, ತುಟಿ ಚೂಪು ಮಾಡಿ "ಸ್ಸ್ಸ್" ಎನ್ನುತ್ತಿದ್ದ. ಬಾಲದ ಬುಡ ಒಂದು ಬೆರಳು ಎದ್ದರೆ ಸಾಕು, ಚೊಂಬು ಅಲ್ಲಿ ಹಾಜರ್. ಐದು ವಾರ ಒಂದು ಹನಿ ಚೆಲ್ಲಿರಲಿಲ್ಲ.

ಹನ್ನೊಂದನೇ ನಂಬರು ಅವನ ಮನೆಯದೇ ಹಸು. ಹೆಂಡತಿ ಅದನ್ನು ನಂಬರಿನಿಂದ ಕರೆದವಳಲ್ಲ, "ಮಗಳೇ" ಎನ್ನುವಳು. ಪುಡಿ ಬರುವ ಮೊದಲು ಮಗಳು ಮುಂಗಾಲು ಮಡಚಿ, ಮಂಡಿಯೂರಿ ಮೇಯುತ್ತಿತ್ತು. ತಣ್ಣೀರು ಹಲ್ಲಿಗೆ ಜುಮ್ಮೆನ್ನುತ್ತದೆ ಎಂದು ಹೆಂಡತಿ ನೀರು ಕಾಯಿಸಿ ಕುಡಿಸುತ್ತಿದ್ದಳು. ನಾಲ್ಕನೇ ವಾರ ಅದು ತಾನೇ ಎದ್ದು ನಿಂತು ಮೇದಾಗ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಿದ್ದಳು.

ಆರನೇ ವಾರದ ಬಾಟಲಿಯೇ ಕೊನೆಯದು; ಆರೂ ವಾರ ತುಂಬಿಸಿದ ಹಸುವಿಗೆ ಮುಂದೆಯೂ ಪುಡಿ ಸಿಗುತ್ತದೆ. ಒಂಬತ್ತು ಗಂಟೆಗೆ ವ್ಯಾನು ಹೊರಡುತ್ತದೆ. ಯಾವ ಹಸುವಿನ ಬಾಟಲಿ ಖಾಲಿಯೋ ಆ ಹಸುವಿನ ಹೆಸರಿಗೆ ಗೀಟು, ಪುಡಿಯ ಡಬ್ಬ ವಾಪಸ್. ಅಂಗಡಿಯಲ್ಲಿ ಸಿಗುವ ಪುಡಿಯೂ ಅಲ್ಲ.

ಎಂಟೂವರೆ ಆಯಿತು. ಹನ್ನೊಂದು ಬಾಟಲಿ ತುಂಬಿ ವ್ಯಾನಿನಲ್ಲಿ ಕೂತಿವೆ. ಮನೆಯ ಹಸು ಮಾತ್ರ ಗೋಡೆ ನೋಡುತ್ತ ನಿಂತಿದೆ. "ಸ್ಸ್ಸ್" ಎಂದೂ ಎಂದೂ ಬಾಟಲಿ ಮಾವನ ತುಟಿ ಒಣಗಿತು. ಡಾಕ್ಟರಮ್ಮ ಗಡಿಯಾರ ನೋಡಿದಳು. ಬೀದಿಯೇ ಕೊಟ್ಟಿಗೆಗೆ ಬಂತು. ಒಬ್ಬ ನಲ್ಲಿ ಬಿಟ್ಟ. ಇನ್ನೊಬ್ಬ ಬಕೆಟ್ಟಿನಿಂದ ಬಕೆಟ್ಟಿಗೆ ನೀರು ಸುರಿದ. ಅದನ್ನು ಕೇಳಿ ಕೇಳಿ ವ್ಯಾನಿನ ಡ್ರೈವರ್ ಗೋಡೆಯ ಮರೆಗೆ ಹೋಗಿಬಂದ. ಹಸು ಅಲ್ಲಾಡಲಿಲ್ಲ.

ಪಕ್ಕದ ಮನೆಯ ಅಜ್ಜಿ ಕೋಲೂರಿಕೊಂಡು ಬಂದಳು. "ನಿನ್ನ ಸ್ಸ್ಸ್‌ಗಲ್ಲ ಕಣೋ ಅದು ಉಚ್ಚೆ ಹೊಯ್ತಿದ್ದದ್ದು. ದಿನಾ ಬೆಳಿಗ್ಗೆ ನಿನ್ನ ಹೆಂಡ್ತಿ ನಿನಗೆ ಬಯ್ಯೋಕೆ ಬಾಯಿ ತೆಗೀತಾಳೆ, ಅದು ಬಾಲ ಎತ್ತುತ್ತೆ. ಗೋಡೆ ಆಚೆ ಕೂತು ವರ್ಷಗಟ್ಲೆ ಎರಡನ್ನೂ ಕೇಳಿದೀನಿ. ಈಗ ಐದು ದಿನದಿಂದ ಬೆಳಿಗ್ಗೆ ಹೊತ್ತು ಎರಡೂ ಇಲ್ಲ. ಏನಾಗಿದೆ ನಿಮಗೆ?"

ಬಾಟಲಿ ಮಾವ ಡಾಕ್ಟರಮ್ಮನ ಕಡೆ ಕಳ್ಳನೋಟ ಹಾಕಿದ. ಹೆಂಡತಿ ಐದು ದಿನದಿಂದ ಮಾತು ಬಿಟ್ಟಿದ್ದಳು ನಿಜ. ಕಾರಣ ಅವರಿಬ್ಬರಿಗೇ ಗೊತ್ತು. ಡಾಕ್ಟರಮ್ಮನ ಕಿವಿಗೆ ಬೀಳಲೇಬಾರದಂಥದ್ದು. ಅವನು ಹೆಂಡತಿಯ ಹತ್ತಿರ ಸರಿದು ಪಿಸುಗುಟ್ಟಿದ: "ಬಯ್ಯೇ. ಬೇರೆ ಏನಕ್ಕಾದ್ರೂ ಬಯ್ಯಿ."

ಅವಳು ಗಂಡನನ್ನು ನೋಡಿದಳು, ಹಸುವಿನ ಮಂಡಿ ನೋಡಿದಳು. "ನೀವು... ಒದ್ದೆ ಟವೆಲ್ ಮಂಚದ ಮೇಲೆ ಹಾಕ್ತೀರಿ," ಎಂದಳು, ಪಾಠ ಒಪ್ಪಿಸುವಂತೆ.

ಹಸು ಕಿವಿ ಸಹ ಆಡಿಸಲಿಲ್ಲ.

"ಸುಳ್ಳು ಸಿಟ್ಟು ಅದಕ್ಕೆ ಗೊತ್ತಾಗುತ್ತೆ," ಎಂದಳು ಅಜ್ಜಿ.

ಒಂಬತ್ತಕ್ಕೆ ಏಳು ನಿಮಿಷ. ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿದ. ಆ ಸದ್ದಿಗೆ ಹೆಂಡತಿಯ ಕಟ್ಟೆ ಒಡೆಯಿತು.

"ನಾಚ್ಕೆ ಆಗಲ್ವೇನ್ರೀ ನಿಮಗೆ! ಬಾಯಿಲ್ಲದ ಜೀವದ ಪುಡಿ ಕದ್ದು ತಿಂದ್ರಲ್ಲ! ದಿನಾ ಒಂದು ಚಮಚ! ಅದಕ್ಕೆ ಬೆಲ್ಲ ಬೇರೆ! ಕದ್ದು ತಿನ್ನೋರು ಸಪ್ಪೆಯಾಗಾದ್ರೂ ತಿನ್ನಬಾರದಾ! ನಿಮ್ಮ ಮಂಡಿ ಒಂದು ಮಂಡಿ, ನನ್ನ ಮಗಳ ಮಂಡಿ ಮಂಡಿಯಲ್ವಾ!"

ಬಾಲ ಎದ್ದಿತು. ಬಾಟಲಿ ಮಾವ ಚೊಂಬು ಹಿಡಿದ. ತಲೆಯ ಮೇಲೆ ಬೈಗುಳ ಸುರಿಯಿತು, ಚೊಂಬಿಗೆ ಗಂಜಲ ಸುರಿಯಿತು. ಎರಡರಲ್ಲೂ ಒಂದು ಹನಿ ಹೊರಗೆ ಹೋಗಲು ಅವನು ಬಿಡಲಿಲ್ಲ. ಬೀದಿಯವರು ಚಪ್ಪಾಳೆ ತಟ್ಟಿದರು.

ಡಾಕ್ಟರಮ್ಮ ತಟ್ಟಲಿಲ್ಲ. "ಎಷ್ಟು ದಿನ ತಿಂದ್ರಿ?"

"ಒಂಬತ್ತು ದಿನ ಮೇಡಂ. ಮಂಡಿ ಹಿಡ್ಕೊಂಡಿತ್ತು. ಹಸು ಎದ್ದು ನಿಂತದ್ದು ನೋಡಿ ಆಸೆಯಾಯ್ತು. ಇವಳು ಕಂಡುಹಿಡಿದ ಮೇಲೆ ಮುಟ್ಟಿಲ್ಲ." ಅವನು ನೆಲ ನೋಡಿದ. "ಹೆಸರು ಹೊಡೆಯೋದಾದ್ರೆ ನಂದು ಹೊಡೀರಿ, ಹಸೂದು ಬೇಡ."

ಡಾಕ್ಟರಮ್ಮ ಪುಸ್ತಕದಲ್ಲಿ ಬರೆದಳು. "ಪುಡಿ ಕಮ್ಮಿ ಬಿದ್ದದ್ದನ್ನ ಬರೀತೀನಿ. ಬಾಟಲಿ ಬಂದಿದೆ, ಹಸು ಇರುತ್ತೆ." ಆಮೇಲೆ ವ್ಯಾನಿನಿಂದ ಇನ್ನೊಂದು ಖಾಲಿ ಬಾಟಲಿ ತಂದು ಅವನ ಕೈಗಿಟ್ಟಳು. ಚೀಟಿಯ ಮೇಲೆ 'ಹದಿಮೂರು' ಎಂದಿತ್ತು. "ಮೂವತ್ತು ವರ್ಷ ಆ ಚಿಮಣಿ ಕೆಳಗೇ ಕೂತಿದ್ದೀರಿ, ನಿಮ್ಮ ಮೂಳೆ ಯಾರಾದ್ರೂ ನೋಡಿದಾರಾ? ನಾಳೆ ಬೆಳಿಗ್ಗೆ ಮೊದಲ್ನೇದು ಹಿಡಿದಿಡಿ. ಮನುಷ್ಯರ ಆಸ್ಪತ್ರೆಗೆ ನಾನೇ ಕೊಡ್ತೀನಿ."

ಮರುದಿನ ಬೆಳಿಗ್ಗೆ ಬಾಟಲಿ ಮಾವ ಬಚ್ಚಲಿನ ಬಾಗಿಲು ಹಾಕಿಕೊಂಡು ಬಾಟಲಿ ಹಿಡಿದು ನಿಂತ. ಹತ್ತು ನಿಮಿಷ ಆಯಿತು. ಜೀವಮಾನದಲ್ಲಿ ಮೊದಲ ಸಲ ಹಸುವಿನ ಕಷ್ಟ ಅವನಿಗೆ ಅರ್ಥವಾಯಿತು. "ಸ್ಸ್ಸ್" ಎಂದು ತನಗೆ ತಾನೇ ಹೇಳಿಕೊಂಡ. ಊಹೂಂ.

ಬಾಗಿಲಾಚೆ ಬಳೆ ಸದ್ದಾಯಿತು. ಹೆಂಡತಿ ಕದಕ್ಕೆ ಕಿವಿಯಿಟ್ಟಳು. ಆಮೇಲೆ, ಆರು ದಿನದಲ್ಲಿ ಮೊದಲ ಸಲ ಮೆತ್ತಗೆ, ಕೇಳಿದಳು:

"ಏನ್ರೀ... ಬಯ್ಯಲಾ?"