ಬೆಲ್ಲದ ಜೊತೆ ಕೊಟ್ಟ ನೀರು

ಬೋರ್‌ವೆಲ್ ಲಾರಿಯ ಗಡಗಡ ಸದ್ದು ಇನ್ನೂ ನನ್ನ ಕಿವಿ ಬಿಟ್ಟಿಲ್ಲ. ಹೊಸ ರೆಸಾರ್ಟಿನವರು ಹೈ ಪ್ರೆಷರ್‌ನಲ್ಲಿ ನೀರು ನುಗ್ಗಿಸಿ ಆಳದ ಬಂಡೆ ಸೀಳಿಸಿದ ಮೇಲೆ, ನೆರೆಮನೆಯ ಮೀನು ಮಾರುವವಳ ಬಾವಿ ಕಡಲ ನೀರು ಸೇರಿ ಉಪ್ಪಾಯಿತು; ತುಸು ಎತ್ತರದಲ್ಲಿದ್ದ ನನ್ನ ಬಾವಿ ಉಳಿಯಿತು. ಅವಳ ಪರವಾಗಿ ಅಂತರ್ಜಲ ಇಲಾಖೆಗೆ ಇಂಗ್ಲಿಷಿನಲ್ಲಿ ಅಬ್ಜೆಕ್ಷನ್ ಬರೆದವಳು ನಾನೇ.

ಇನ್‌ಸ್ಪೆಕ್ಷನ್ ದಿನ ನನಗೆ ಜ್ವರ. ಬಂದ ಆಫೀಸರಿಗೆ ಅವಳು ಬೆಲ್ಲ ಕೊಟ್ಟು, ನನ್ನ ಬಾವಿಯಿಂದ ನನ್ನದೇ ಕೊಡದಲ್ಲಿ ಒಯ್ದಿದ್ದ ನೀರು ಕೊಟ್ಟಳು. ಅದೇ ಅವಳ ಬಾವಿಯ ನೀರೆಂದುಕೊಂಡು ಆತ ‘ಪೊಟೆಬಲ್’, ಅಂದರೆ ಕುಡಿಯಲು ಯೋಗ್ಯ, ಎಂದು ಬರೆದು ಹೊರಟುಬಿಟ್ಟ.

“ಎಂತಕ್ ಹಾಂಗ್ ಮಾಡ್ದೆ ಮಾರಾಯ್ತಿ?” ಎಂದೆ.

“ಮನಿಗ್ ಬಂದರಿಗೆ ಉಪ್ಪ್ ನೀರ್ ಕೊಡೂಕ್ ಆತ್ತಾ ಅಮ್ಮ?”

ಅಬ್ಜೆಕ್ಷನ್ ವಜಾ ಆಯಿತು. ಅಪೀಲ್ ಬರೆಯುವ ತ್ರಾಣ ನನ್ನಲ್ಲಿರಲಿಲ್ಲ. ಅವಳನ್ನು ಕೊನೆಯ ಸಲ ನೋಡಿದ್ದು ಮನೆ ಬಿಟ್ಟು ಶಿರೂರಿನ ಮಗಳಲ್ಲಿಗೆ ಹೊರಟ ದಿನ. ನನ್ನ ಕೊಡವನ್ನು ತೊಳೆದು, ಜಗಲಿಯ ಮೇಲೆ ಕವುಚಿಟ್ಟು ಹೋದಳು.