ಬುರ್ಗಕ್ಕನ ತಲೆಯ ಅಳತೆ

ಬೆಳಗಿನ ಐದೂವರೆ. ಹೊರಗೆ ಮೊಣಕಾಲುದ್ದ ಹಿಮ. ಕಣಿವೆಯ ಕೊನೆಯ ಮನೆಯ ಕೊಟ್ಟಿಗೆಯಿಂದ ಉಳಿ-ಕೊಡತಿಯ ಸದ್ದಿಗಿಂತ ಜೋರಾಗಿ ಬೈಗುಳ ಕೇಳಿಸುತ್ತಿದೆ.

"ನಾಳೆ ಸಂಜೆ ಹೊರಡ್ಬೇಕು, ಇವತ್ತು ಫೋನ್ ಮಾಡಿ ಕಣ್ಣಿಗೆ ಕೆಂಪು ಬಲ್ಬು ಹಾಕು ಅಂತಾನೆ! ಇದೇನು ಟ್ರ್ಯಾಕ್ಟರಾ?"

ಬೈಯುತ್ತಿರುವವರು ವಾಲ್‌ಬುರ್ಗಾ, ಊರಿಗೆಲ್ಲ ಬುರ್ಗಕ್ಕ. ವಯಸ್ಸು ಐವತ್ತೊಂಬತ್ತು. ಡಿಸೆಂಬರ್ ಐದರ ಸಂಜೆ ಸಂತ ನಿಕೋಲಸನ ವೇಷಧಾರಿಯ ಹಿಂದೆ ಗಂಟೆ ಕಟ್ಟಿಕೊಂಡು ಮನೆಮನೆಗೆ ನುಗ್ಗಿ ಕಡ್ಡಿಯಿಂದ ಬಾರಿಸುವ, ದೆವ್ವವೇಷದ ಕ್ರಾಂಪುಸ್‌ಗಳ ಕೊಂಬಿನ ಮರದ ಮುಖವಾಡಗಳನ್ನು ಮೂವತ್ತೊಂದು ವರ್ಷದಿಂದ ಕೆತ್ತುತ್ತಿದ್ದಾರೆ. ಹಗಲು ಶಾಲೆಯ ಅಡುಗೆಮನೆ ಕೆಲಸ, ಕೆತ್ತನೆ ಅದಕ್ಕೂ ಮುಂಚೆ. ಒಂದು ಮುಖಕ್ಕೆ ಎಂಬತ್ತು ಗಂಟೆಯ ಕೆಲಸ. ಬಲಗೈಯ ಎರಡು ಬೆರಳು ಈಗ ನೆಟ್ಟಗಾಗುವುದಿಲ್ಲ. ಕೋರೆಹಲ್ಲು, ಚಾಚಿದ ನಾಲಿಗೆ ಕೆತ್ತುವುದನ್ನು ಬಿಟ್ಟು ಬಹಳ ಕಾಲವಾಯಿತು. ಬಸ್ ತಪ್ಪಿಸಿಕೊಂಡವರ, ತಾಳ್ಮೆ ಕೆಟ್ಟವರ ಮುಖಕ್ಕೆ ಮೇಕೆಯ ಕೊಂಬು ಕೂರಿಸುತ್ತಾರೆ. ನೋಡಿದರೆ ನಿಜಕ್ಕೂ ಭಯವಾಗುತ್ತದೆ. ಪಟ್ಟಣದ ಗ್ಯಾಲರಿಯವರು ಕೇಳಿದರೂ ಕೊಟ್ಟಿಲ್ಲ.

"ಗೋಡೆಗೆ ನೇತುಹಾಕೋಕಲ್ಲ ರೀ. ಇದು ನಡೀಬೇಕು."

ಅದನ್ನು ತೊಟ್ಟು ನಡೆಯುವವರು ಮಾತ್ರ ಗಂಡಸರೇ. ಬುರ್ಗಕ್ಕ ವರ್ಷವರ್ಷವೂ ಬೀದಿಬದಿ ನಿಂತು, ತಾವೇ ಕೆತ್ತಿದ ಮುಖ ತೊಟ್ಟವರಿಂದ ಕಾಲಿಗೆ ಕಡ್ಡಿಯೇಟು ತಿನ್ನುತ್ತಾರೆ. ಇದನ್ನು ಸಂಪ್ರದಾಯ ಎನ್ನುವವರನ್ನು ಕಂಡರೆ ನನಗೂ ಮೈ ಉರಿಯುತ್ತದೆ. ಪತ್ರಿಕೆಗೆ ಬರೆದು ಬರೆದು ಸಾಕಾಗಿದೆ.

ಏಳಕ್ಕೆ, ಬಲ್ಬಿಗಾಗಿ ಫೋನ್ ಮಾಡಿದ್ದ ತಂಡದ ಮುಖಂಡ, ಹಾಲಿನ ಲಾರಿ ಓಡಿಸುವ ಕೊರ್ಬಿನಿಯನ್ ಬರುತ್ತಾನೆ. ಅವನ ಹಳೆಯ ಮುಖವಾಡ ಹೋದ ವರ್ಷವೇ ಸೀಳಿಹೋಗಿದೆ, ಉಳಿದಿರುವುದು ಮೂರೇ. ನಾಲ್ಕು ಕ್ರಾಂಪುಸ್ ಇಲ್ಲದೆ ನಿಕೋಲಸ್ ಯಾರ ಹೊಸಿಲೂ ದಾಟುವಂತಿಲ್ಲ. ಹೊಸದನ್ನು ತಲೆಗೆ ತೂರಿಸುತ್ತಾನೆ. ಅದು ಕಿವಿಯ ಮೇಲೆಯೇ ನಿಲ್ಲುತ್ತದೆ.

"ಅಯ್ಯೋ! ಯಾರ ತಲೆ ಅಳತೆ ತಗೊಂಡ್ರಿ ಬುರ್ಗಕ್ಕಾ?"

"ಅಳತೆ ಕೊಡು ಬಾ ಅಂತ ಸೆಪ್ಟೆಂಬರಿಂದ ಮೂರು ಸಲ ಬಡ್ಕೊಂಡೆ, ಬಂದ್ಯಾ ಮಹಾರಾಯ? ಇಲ್ಲಿದ್ದಿದ್ದು ನನ್ನ ತಲೆ ಒಂದೇ. ಅದಕ್ಕೇ ಹಾಕ್ಹಾಕಿ ನೋಡಿ ಕೊರೆದೆ."

"ಇನ್ನೊಂಚೂರು ಕೊರೀರಿ."

"ಕೊರೆದ್ರೆ ತೂತು ಬೀಳುತ್ತೆ. ಯಾರ ತಲೆಗೆ ಕೊರೆದಿದೆಯೋ ಅವರೇ ಹೊರಬೇಕು. ಕಟ್ಟಳೆ ನಿಮ್ಮ ತಂಡದ್ದೇ ತಾನೇ?"

ಕೊರ್ಬಿನಿಯನ್ ಮುಖವಾಡ ಕಿತ್ತು ಅವರ ಕೈಗಿಡುತ್ತಾನೆ. ಬೇರೆ ದಾರಿಯಿಲ್ಲ.

"ತೊಗಲು, ಗಂಟೆ ಎಲ್ಲ ಸೇರಿ ಇಪ್ಪತ್ತು ಕೆಜಿ ಅಕ್ಕಾ. ಹೊರ್ತೀರಾ?"

"ನಿನ್ನ ಮಕ್ಕಳು ಕುಡಿಯೋ ಸೂಪಿನ ಹಂಡೆ ದಿನಾ ಎತ್ತೋದು ಯಾರು ಅಂದ್ಕೊಂಡೆ?"

ಮುಖವಾಡ ಅವರ ತಲೆಗೆ ಸಲೀಸಾಗಿ ಇಳಿಯುತ್ತದೆ. ನಾಳೆಯ ನಡಿಗೆಗೆ ಏನಾದರೂ ಆಸೆ ಉಂಟೇ ಎಂದು ಕೇಳುತ್ತೇನೆ. ಉತ್ತರ ಮರದೊಳಗಿಂದ ಬರುತ್ತದೆ, ನನಗಲ್ಲ, ಕೊರ್ಬಿನಿಯನ್‌ಗೆ.

"ನಾಳೆ ನೀನು ಬೀದಿಬದಿ ನಿಂತ್ಕೋ. ದಪ್ಪ ಪ್ಯಾಂಟು ಮಾತ್ರ ಹಾಕ್ಕೋಬೇಡ."